ಜ್ಞಾನದಾಸೋಹಿ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು

ಶಿವಮಠಗಳಲ್ಲಿ ದಾಸೋಹವು ನಿತ್ಯವ್ರತವಾಗಿರುವುದು. ಹಸಿದು ಬಂದವನಿಗೆ ಎಡೆಯಿಕ್ಕುವುದು ಅನ್ನದಾಸೋಹವು. ಅರಿವಿಗಾಗಿ ಹಸಿದವನಿಗೆ ಅರಿವನ್ನು ಬಡಿಸುವುದು ಜ್ಞಾನದಾಸೋಹವು. ಅನ್ನದಾಸೋಹವನ್ನು ನಡೆಯಿಸತಕ್ಕವನಿಗೆ ಧಾನ್ಯ ಕಟ್ಟಿಗೆಗಳ ಚಿಂತೆಯೊಂದೇ ಸಾಲದು. ಪಂಕ್ತಿಯಲ್ಲಿ ಕುಳಿತವರು ಮಕ್ಕಳೋ, ಮುದುಕರೋ, ದಣಿದು ಬಂದ ಒಕ್ಕಲಿಗರೋ ಎಂಬುದನ್ನು ಅವನು ನೋಡಿ ಬಡಿಸಬೇಕಾಗುವುದು. ಜ್ಞಾನದಾಸೋಹಕ್ಕೂ ಇದೇ ನಿಯಮವು ಸಲ್ಲುವುದು. ಓದತಕ್ಕವನು ಯಾರು, ಅವನಿಗೆ ಈಗ ತಿಳಿದಿರುವುದೆಷ್ಟು, ತಿಳಿಯಬೇಕಾದುದೇನು ಎಂಬುದನ್ನು ಅರಿತು ಬರೆದ ಬರವಣಿಗೆಯು ಫಲಿಸುವುದು. ಅರಿಯದೆ ಬರೆದುದು ಎಷ್ಟು ಪಾಂಡಿತ್ಯಪೂರ್ಣವಾಗಿದ್ದರೂ ಉಣ್ಣುವವರಿಲ್ಲದ ಎಡೆಯಂತೆ ಉಳಿದು ಹೋಗುವುದು. ಈ ಮಾತಿಗೆ ಕನ್ನಡನಾಡಿನಲ್ಲಿ ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಜೀವನಕ್ಕಿಂತ ಮಿಗಿಲಾದ ನಿದರ್ಶನವು ದೊರೆಯಲಾರದು. ಶಿವಶರಣರ ವಚನಗಳು ಇಂದು ಪ್ರತಿಯೊಬ್ಬ ಭಕ್ತನ ಕೈಯಲ್ಲಿರುವುದಕ್ಕೆ ಮುಖ್ಯ ಕಾರಣರಾದ ಈ ಮಹನೀಯರ ಚರಿತ್ರವನ್ನು ಸದ್ಭಕ್ತರು ಅವಶ್ಯವಾಗಿ ತಿಳಿಯತಕ್ಕದ್ದಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಫಕೀರಪ್ಪನವರು 1880ನೆಯ ಇಸವಿ ಜುಲೈ 2ನೆಯ ದಿವಸ ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರೂ ಲೇಖಕರೂ ಆಗಿದ್ದರು. ತಾಯಿಯ ಹೆಸರು ದಾನಮ್ಮ. ಆ ಕಾಲದ ಧಾರವಾಡವು ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಕಚೇರಿಗಳಲ್ಲಿಯೂ ಪಾಠಶಾಲೆಗಳಲ್ಲಿಯೂ ಮರಾಠಿಯ ಪ್ರಾಬಲ್ಯವಿದ್ದು, ಕನ್ನಡದ ಸ್ಥಾನವು ಬಹು ಹೀನವಾಗಿದ್ದಿತು. ಡೆಪ್ಯುಟಿ ಚನ್ನಬಸಪ್ಪನವರೇ ಮೊದಲಾದ ಹಿರಿಯರ ಪ್ರಯತ್ನದಿಂದ ಕನ್ನಡ ಶಾಲೆಗಳು ಬೆಳೆಯುತ್ತಲಿದ್ದರೂ ಓದಲು ಕಲಿತವನ ಕೈಗೆ ಕೊಡಲು ಕನ್ನಡದಲ್ಲಿ ಸಾಕಷ್ಟು ಪುಸ್ತಕಗಳಿರಲಿಲ್ಲ. ಮಕ್ಕಳಿಗಾಗಿ ಬೋಧಿಸುವುದನ್ನೂ ಜನರಿಗಾಗಿ ಬರೆಯುವುದನ್ನೂ ತಂದೆಯಲ್ಲಿ ಒಟ್ಟಿಗೆ ಕಂಡು ಬೆಳೆದ ಬಾಲಕನಿಗೆ ಈ ಕೊರತೆಯು ಎಳೆವಯಸ್ಸಿನಲ್ಲಿಯೇ ಕಾಣಿಸುವಂತಹದಾಗಿದ್ದಿತು.

ಧಾರವಾಡದಲ್ಲಿ ಪ್ರವೇಶಪರೀಕ್ಷೆಯನ್ನು ಮುಗಿಸಿದ ಮೇಲೆ ಅವರು ಮುಂಬಯಿಗೆ ಹೋಗಿ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಓದಿ ಪದವೀಧರರಾದರು. ಬಳಿಕ ಕಾಯಿದೆಯ ಅಭ್ಯಾಸವನ್ನು ಮಾಡಿ 1904ರಲ್ಲಿ ವಕೀಲಿ ಪದವಿಯನ್ನು ಪಡೆದರು. ಮುಂಬಯಿಯಲ್ಲಿ ಆಲೂರ ವೆಂಕಟರಾಯರ ಸಹವಾಸವು ಅವರಿಗೆ ದೊರೆಯಿತು. ಗುಜರಾಥಿಗಳೂ ಮರಾಠಿಗರೂ ತಮ್ಮ ತಮ್ಮ ಭಾಷೆಗಳಲ್ಲಿ ಪತ್ರಿಕೆಗಳನ್ನು ನಡೆಯಿಸುತ್ತ, ಪೂರ್ವಗ್ರಂಥಗಳನ್ನು ಅಚ್ಚು ಮಾಡಿಸುತ್ತ ಇದ್ದುದನ್ನು ಆ ನಗರದಲ್ಲಿ ಅವರು ಕಣ್ಣಾರೆ ಕಂಡರು. ಕನ್ನಡಿಗರಲ್ಲಿ ಇಂಥ ಉದ್ಯೋಗವಿಲ್ಲವೆಂಬ ವ್ಯಥೆಯು ಅವರ ಮನಸ್ಸಿನಲ್ಲಿ ನೆಟ್ಟು ನಿಂತಿತು.

ಪದವಿಯನ್ನು ಪಡೆದ ಬಳಿಕ ಅವರು ಮೊದಲು ಬೆಳಗಾವಿಯಲ್ಲಿ ಸ್ವಲ್ಪ ಕಾಲ ವಕೀಲಿಯನ್ನು ಮಾಡಿ, ಆಮೇಲೆ ವಿಜಾಪುರಕ್ಕೆ ಬಂದು ನೆಲೆಸಿದರು. ಇಂದು ವಿಜಯಪುರವೆಂದು ಕರೆಯಲ್ಪಡುವ ಆ ಊರೇ ಅವರ ಆಯುಷ್ಯದ ಉಳಿದ ಆರು ದಶಕಗಳ ಕರ್ಮಭೂಮಿಯಾಯಿತು.

ಪೂಜೆಯ ಗಂಟಿನಲ್ಲಿದ್ದ ಗ್ರಂಥಗಳು

ಕಾಯಿದೆಯ ಅಭ್ಯಾಸವು ಇನ್ನೂ ಮುಗಿಯದಿರುವಾಗಲೇ, 1903ರ ಸುಮಾರಿಗೆ, ರಬಕವಿಯ ಕಡೆಯ ಭಕ್ತರೊಬ್ಬರ ಮನೆಯಲ್ಲಿದ್ದ ತಾಡವೋಲೆಯ ಕಟ್ಟುಗಳು ಫಕೀರಪ್ಪನವರ ದೃಷ್ಟಿಗೆ ಬಿದ್ದವು. ಅವುಗಳಲ್ಲಿ ಶರಣರ ವಚನಗಳಿದ್ದವು. ಆ ಸಂದರ್ಭವೇ ಅವರ ಜೀವಿತದ ದಿಕ್ಕನ್ನು ಬದಲಿಸಿತು.

ವಚನಗಳ ಆಗಿನ ಸ್ಥಿತಿಯನ್ನು ತಿಳಿಯದಿದ್ದರೆ ಅವರ ಕಾರ್ಯದ ಮಹತ್ತ್ವವು ಮನಸ್ಸಿಗೆ ಹತ್ತಲಾರದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಹುಟ್ಟಿದ ಈ ನುಡಿಗಳನ್ನು ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿಯೂ ಅದರ ಈಚೆಗೂ, ವಿರಕ್ತರು ಸಂಗ್ರಹಿಸಿ ಸ್ಥಲಕಟ್ಟುಗಳಲ್ಲಿ ಜೋಡಿಸಿದರು. ಆ ಬಳಿಕ ಓಲೆಯ ಕಟ್ಟುಗಳು ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಹರಡಿಕೊಂಡವು. ಕಾಲಕ್ರಮದಲ್ಲಿ ಅವುಗಳನ್ನು ಓದುವವರು ಕಡಿಮೆಯಾಗಿ ಪೂಜಿಸುವವರು ಉಳಿದರು. ಕಟ್ಟಿಗೆ ವಿಭೂತಿಯನ್ನು ಹಚ್ಚಿ, ಪತ್ರೆಯನ್ನೇರಿಸಿ, ವಸ್ತ್ರದಲ್ಲಿ ಸುತ್ತಿ ಜಗುಲಿಯ ಮೇಲಿಡುವುದು ವಾಡಿಕೆಯಾಯಿತು. ಭಕ್ತಿಯೇನೋ ಅದರಲ್ಲಿದ್ದಿತು; ಆದರೆ ಗಂಟನ್ನು ಬಿಚ್ಚದ ಭಕ್ತಿಯಿಂದ ಓಲೆಗೆ ಹುಳುವು ತಾಗುವುದು ತಪ್ಪಲಿಲ್ಲ. ಅಲ್ಲೊಂದು ಇಲ್ಲೊಂದು ವಚನಗ್ರಂಥವು ಅಚ್ಚಾಗಿದ್ದರೂ ಸಾಹಿತ್ಯದ ಬಹುಭಾಗವು ಈ ಗಂಟುಗಳಲ್ಲಿಯೇ ಅಡಗಿದ್ದಿತು. ಬಸವಾದಿ ಪ್ರಮಥರ ಹೆಸರನ್ನು ದಿನವೂ ಸ್ಮರಿಸುತ್ತಿದ್ದ ಭಕ್ತನು ಅವರು ನುಡಿದುದೇನೆಂಬುದನ್ನು ಅರಿಯದವನಾಗಿದ್ದನು. ಕೆಲವು ಮನೆತನಗಳವರು ಓಲೆಗಳನ್ನು ಹೊರಗೆ ಕೊಡುವುದಿರಲಿ, ತೋರಿಸಲಿಕ್ಕೂ ಒಪ್ಪುತ್ತಿರಲಿಲ್ಲ.

ಓಲೆಯು ಕೈಗೆ ಬಂದ ಮೇಲೆಯೂ ಓದುವುದು ಸುಲಭವಾದ ಕೆಲಸವಲ್ಲ. ಓಲೆಯ ಮೇಲೆ ಲೋಹದ ಕಂಟದಿಂದ ಕೊರೆದ ಅಕ್ಷರಗಳು ಕಾಡಿಗೆಯನ್ನು ತೀಡಿದ ಹೊರತು ಕಣ್ಣಿಗೆ ಕಾಣಿಸುವುದಿಲ್ಲ. ಪದಕ್ಕೂ ಪದಕ್ಕೂ ನಡುವೆ ಎಡೆಯಿರುವುದಿಲ್ಲ. ವಾಕ್ಯವು ಎಲ್ಲಿ ಮುಗಿಯಿತೆಂಬ ಗುರುತಿರುವುದಿಲ್ಲ. ದಾರವು ಹರಿದು ಗರಿಗಳು ಹಿಂದು ಮುಂದಾದರೆ ಗ್ರಂಥದ ಕ್ರಮವೇ ಕೆಡುವುದು. ಪ್ರತಿ ಮಾಡಿದವರ ತಪ್ಪುಗಳು ಒಂದರ ಮೇಲೊಂದು ಸೇರಿರುವುವು. ಇಂಥಲ್ಲಿ ದಾರಿ ತೋರಿಸತಕ್ಕುದು ವಚನದ ಕೊನೆಯ ಅಂಕಿತವು. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣನವರದು, ಗುಹೇಶ್ವರ ಎಂದಿದ್ದರೆ ಅಲ್ಲಮಪ್ರಭುಗಳದು, ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕಮಹಾದೇವಿಯದು, ರಾಮನಾಥ ಎಂದಿದ್ದರೆ ದಾಸಿಮಯ್ಯನದು ಎಂದು ತಿಳಿದು ಬೇರ್ಪಡಿಸಬೇಕು. ಫಕೀರಪ್ಪನವರು ಈ ವಿದ್ಯೆಯನ್ನು ಯಾವ ವಿದ್ಯಾಪೀಠದಲ್ಲಿಯೂ ಕಲಿತವರಲ್ಲ. ಹಗಲು ನ್ಯಾಯಾಲಯದ ಕೆಲಸ, ಬಿಡುವು ದೊರೆತಾಗ ಓಲೆಯ ಪ್ರತಿ ಮಾಡುವ ಕೆಲಸ, ಹೀಗೆ ವರ್ಷಗಳು ಕಳೆದವು. ಊರೂರು ತಿರುಗಿ, ಕಟ್ಟುಗಳನ್ನು ಬೇಡಿ ತಂದು, ಒಂದರೊಡನೆ ಒಂದನ್ನು ಹೋಲಿಸಿ ಅವರು ಸಂಗ್ರಹವನ್ನು ಬೆಳೆಯಿಸುತ್ತ ಹೋದರು.

ವಚನಶಾಸ್ತ್ರಸಾರ

ಸುಮಾರು ಇಪ್ಪತ್ತು ವರ್ಷಗಳ ಸಂಗ್ರಹವು ಕೈಯಲ್ಲಿದ್ದಾಗ ಅವರೆದುರಿಗೆ ಒಂದು ಮುಖ್ಯ ಪ್ರಶ್ನೆಯು ನಿಂತಿತು. ಇದನ್ನು ಯಾರಿಗಾಗಿ ಅಚ್ಚು ಮಾಡುವುದು? ಪಂಡಿತರಿಗಾಗಿ ಮಾಡುವುದಾದರೆ ಓಲೆಯಲ್ಲಿದ್ದುದನ್ನು ಇದ್ದಂತೆಯೇ, ಕರ್ತೃವಾರಿಯಾಗಿ, ಪಾಠಾಂತರಸಹಿತವಾಗಿ ಮುದ್ರಿಸಬಹುದಾಗಿದ್ದಿತು. ವಿದೇಶೀಯ ವಿದ್ವಾಂಸರಿಗೆ ತಿಳಿಸಬೇಕಾದುದನ್ನು ಅವರು ಇಂಗ್ಲಿಷಿನಲ್ಲಿ ತಿಳಿಸದೆ ಇರಲಿಲ್ಲ. 1922ರಲ್ಲಿ ಇಂಡಿಯನ್ ಆಂಟಿಕ್ವರಿ ಎಂಬ ಪ್ರಸಿದ್ಧ ಪತ್ರಿಕೆಯಲ್ಲಿ ಬಸವಣ್ಣನವರ ವಚನಗಳ ಅನುವಾದವನ್ನು ಪ್ರಕಟಿಸಿದರು. ಆದರೆ ಅವರ ಮನಸ್ಸಿನಲ್ಲಿದ್ದ ಮುಖ್ಯ ಓದುಗನು ಬೇರೆಯವನು. ಅವನು ಕನ್ನಡ ಶಾಲೆಯಲ್ಲಿ ನಾಲ್ಕಾರು ತರಗತಿ ಓದಿದ ಒಕ್ಕಲಿಗನು, ಅಂಗಡಿಕಾರನು, ನೇಕಾರನು. ಕೊರಳಲ್ಲಿ ಲಿಂಗವಿದ್ದು ಲಿಂಗತತ್ತ್ವವನ್ನು ಕೇಳಿದರೆ ಉತ್ತರಿಸಲಾರದ ಗೃಹಸ್ಥನು. ಅವನ ಕೈಯಲ್ಲಿ ಸಾವಿರ ವಚನಗಳ ರಾಶಿಯನ್ನಿಟ್ಟರೆ ಅವನು ಎಲ್ಲಿಂದ ಪ್ರಾರಂಭಿಸಿಯಾನು?

ಆದುದರಿಂದ ಫಕೀರಪ್ಪನವರು ವಚನಗಳನ್ನು ವಿಷಯಾನುಸಾರವಾಗಿ ವಿಂಗಡಿಸಿದರು. ಒಂದು ವಿಷಯದಲ್ಲಿ ಸಂದೇಹ ಬಂದವನು ಆ ಪ್ರಕರಣವನ್ನು ತೆರೆದರೆ ಬೇರೆ ಬೇರೆ ಶರಣರು ಅದರ ಬಗ್ಗೆ ನುಡಿದುದು ಒಂದೆಡೆಯಲ್ಲಿ ದೊರೆಯುವಂತೆ ಏರ್ಪಡಿಸಿದರು. ಗ್ರಂಥಕ್ಕೆ ವಚನಶಾಸ್ತ್ರಸಾರ ಎಂಬ ಹೆಸರನ್ನಿಟ್ಟರು. ಈ ಹೆಸರಿನಲ್ಲಿಯೇ ಒಂದು ಬೋಧನೆಯು ಅಡಗಿದೆ. ಶಾಸ್ತ್ರವೆಂಬುದು ಸಂಸ್ಕೃತದಲ್ಲಿ ಮಾತ್ರ ಇರತಕ್ಕುದೆಂದು ನಂಬಿದ್ದ ಜನರಿಗೆ, ಮಡಿವಾಳನೂ ಅಂಬಿಗನೂ ಅಕ್ಕಿಯನ್ನು ಆಯುವ ಆಯ್ದಕ್ಕಿಯ ಲಕ್ಕಮ್ಮನೂ ತಿಳಿಗನ್ನಡದಲ್ಲಿ ನುಡಿದುದು ಕೂಡ ಶಾಸ್ತ್ರವೇ ಎಂಬುದನ್ನು ಪುಸ್ತಕದ ಮೊದಲ ಪುಟವೇ ತಿಳಿಸುತ್ತಿದ್ದಿತು.

ಮುದ್ರಣಕ್ಕಾಗಿ ಹಸ್ತಪ್ರತಿಯನ್ನು ಮೊದಲು ಮಂಗಳೂರಿನ ಮುದ್ರಣಾಲಯವೊಂದಕ್ಕೆ ಕಳುಹಿಸಿದರು. ಅದು ಅಚ್ಚಾಗದೆ ಹಿಂದಿರುಗಿ ಬಂದಿತು. ಬಹು ವರ್ಷಗಳ ಶ್ರಮವು ಹೀಗೆ ಮರಳಿ ಬಂದಾಗ ಬೇರೊಬ್ಬರಾಗಿದ್ದರೆ ಕೈಚೆಲ್ಲುತ್ತಿದ್ದರು. ಫಕೀರಪ್ಪನವರು ಅದನ್ನು ಬೆಳಗಾವಿಗೆ ಕೊಂಡುಹೋಗಿ ಅಚ್ಚು ಮಾಡಿಸಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಹೊರಬಂದಿತು. ಮುಂದೆ ಇನ್ನೆರಡು ಭಾಗಗಳು ಅದನ್ನು ಹಿಂಬಾಲಿಸಿದವು. ವಚನಗಳ ವಿಷಯದಲ್ಲಿ ಕನ್ನಡಿಗರ ಕಣ್ಣನ್ನು ತೆರೆಯಿಸಿದ ಗ್ರಂಥವು ಇದೇ ಎಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಹಿತಚಿಂತಕ ಮುದ್ರಣಾಲಯ ಮತ್ತು ಶಿವಾನುಭವ ಪತ್ರಿಕೆ

ಪರರ ಮುದ್ರಣಾಲಯವನ್ನು ನಂಬಿಕೊಂಡು ಈ ಕಾರ್ಯವು ಸಾಗದೆಂಬುದು ಅವರಿಗೆ ಮನದಟ್ಟಾಯಿತು. 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಎಂಬ ಹೆಸರಿನ ಸ್ವಂತ ಮುದ್ರಣಾಲಯವನ್ನು ಸ್ಥಾಪಿಸಿದರು. ಇದಕ್ಕೆ ಬೇಕಾದ ದ್ರವ್ಯಕ್ಕಾಗಿ ತಾವು ಸಂಪಾದಿಸಿದ ಮನೆಯನ್ನು ಮಾರಿದರು. ಹೆಸರಾಂತ ವಕೀಲರಾಗಿ ಸುಖದಿಂದಿರಬಹುದಾಗಿದ್ದ ಮನೆತನವು ಅಂದಿನಿಂದ ಬಾಡಿಗೆಯ ಮನೆಯಲ್ಲಿ ಕಾಲ ಕಳೆಯುವಂತಾಯಿತು. ಪತ್ನಿ ಭಾಗೀರಥಿಬಾಯಿಯವರೂ ಮಕ್ಕಳೂ ಈ ತ್ಯಾಗದ ಭಾರವನ್ನು ಹೊತ್ತರೆಂಬುದನ್ನು ಭಕ್ತರು ಮರೆಯಲಾಗದು. ಗ್ರಂಥದ ಮೇಲೆ ಒಬ್ಬರ ಹೆಸರು ಅಚ್ಚಾಗುವುದು. ಅದರ ಬೆಲೆಯನ್ನು ಒಂದು ಸಂಸಾರವೇ ತೆತ್ತಿರುವುದು.

1926ರಲ್ಲಿ ಶಿವಾನುಭವ ಎಂಬ ತ್ರೈಮಾಸಿಕ ಪತ್ರಿಕೆಯು ಆರಂಭವಾಯಿತು. ಮುಂದೆ ಅದು ಮಾಸಿಕವಾಗಿ, ಒಟ್ಟು ಸುಮಾರು 35 ವರ್ಷಗಳ ಪರ್ಯಂತ ನಡೆಯಿತು. 1927ರಲ್ಲಿ ನವಕರ್ನಾಟಕ ಎಂಬ ವಾರಪತ್ರಿಕೆಯನ್ನೂ ಅವರು ಆರಂಭಿಸಿದರು. ಈ ಎರಡು ಪತ್ರಿಕೆಗಳ ಉದ್ದೇಶಗಳನ್ನು ಅವರು ಬೆರೆಸಲಿಲ್ಲವೆಂಬುದು ಗಮನಿಸತಕ್ಕ ವಿಷಯವಾಗಿದೆ. ನಾಡಿನ ಏಕೀಕರಣವೇ ಮೊದಲಾದ ಲೋಕವ್ಯವಹಾರದ ಸಂಗತಿಗಳು ವಾರಪತ್ರಿಕೆಗೆ. ಶರಣರ ಚರಿತ್ರೆ, ವಚನ, ಪುರಾಣ, ತತ್ತ್ವವಿಚಾರಗಳು ಶಿವಾನುಭವಕ್ಕೆ. ಓದುಗನು ಯಾವುದನ್ನು ಬಯಸಿ ಬಂದನೋ ಅದನ್ನು ಅವನ ಮುಂದಿಡುವುದು ಅವರ ಪದ್ಧತಿಯಾಗಿದ್ದಿತು.

ಶಿವಾನುಭವದ ಮೂಲಕ ಅವರು ಗ್ರಂಥಗಳನ್ನು ತುಸುತುಸುವಾಗಿ ಓದುಗರಿಗೆ ಮುಟ್ಟಿಸಿದರು. ದೊಡ್ಡ ಗ್ರಂಥವನ್ನು ಒಮ್ಮೆಗೇ ಕೊಳ್ಳಲಾರದ ಬಡವನಿಗೂ ವರ್ಷದ ಚಂದಾವನ್ನು ಕೊಟ್ಟರೆ ಶರಣರ ನುಡಿಯು ಅಂಚೆಯಲ್ಲಿ ಮನೆಗೆ ಬರುತ್ತಿದ್ದಿತು. ಹರಿಹರನ ರಗಳೆಗಳು ಅವರಿಂದ ಬೆಳಕಿಗೆ ಬಂದವು. 1930ರಲ್ಲಿ ಗೂಳೂರ ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯನ್ನು ಪ್ರಕಟಿಸಿದರು. ಅಲ್ಲಮಪ್ರಭುವು ಸಿದ್ಧರಾಮ, ಬಸವಣ್ಣ, ಚೆನ್ನಬಸವಣ್ಣ, ಅಕ್ಕಮಹಾದೇವಿ ಮುಂತಾದವರೊಡನೆ ನಡೆಯಿಸಿದ ಸಂವಾದಗಳಲ್ಲಿ ವಚನಗಳನ್ನು ಪೋಣಿಸಿರುವ ಈ ಮಹಾಗ್ರಂಥವು ಅಚ್ಚಾಗಿ ಬಂದುದರಿಂದ ಅನುಭವಮಂಟಪದ ಗೋಷ್ಠಿಯು ಸಾಮಾನ್ಯ ಭಕ್ತನ ಮನೆಯ ಪಡಸಾಲೆಗೆ ಬಂದಂತಾಯಿತು. ಶರಣರ ಜೀವನಗಳನ್ನು ಚಿಕ್ಕ ಚಿಕ್ಕ ಪುಸ್ತಕಗಳಾಗಿಯೂ ಅವರು ಬರೆದರು. ಅವರ ಗದ್ಯದಲ್ಲಿ ಅಲಂಕಾರವಿಲ್ಲ. ವಾಕ್ಯಗಳು ಪಾಠ ಹೇಳುವ ಗುರುವಿನ ಮಾತಿನಂತೆ ನೇರವಾಗಿ ಸಾಗುವುವು. ಕಠಿಣವಾದ ಪಾರಿಭಾಷಿಕ ಶಬ್ದವು ಬಂದಲ್ಲಿ ಅರ್ಥವನ್ನು ಬಿಡಿಸಿ ಹೇಳಿ ಮುಂದೆ ಹೋಗುವರು.

ಪತ್ರಿಕೆಯಿಂದ ಅವರಿಗೆ ಲಾಭವಾಗಲಿಲ್ಲ. ಚಂದಾದಾರರು ಕಡಿಮೆ, ಕೊಟ್ಟವರಿಗಿಂತ ಕೊಡದವರು ಹೆಚ್ಚು. ಆದರೂ ಸಂಚಿಕೆಗಳು ಬರುತ್ತಲಿದ್ದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾಗದದ ಅಭಾವವು ಎಲ್ಲ ಪತ್ರಿಕೆಗಳನ್ನೂ ಪೀಡಿಸಿತು. ಆ ಕಷ್ಟವನ್ನೂ ದಾಟಿ ಶಿವಾನುಭವವು ಉಳಿಯಿತು.

ಅವರ ಕಾರ್ಯದಲ್ಲಿ ಕೊರತೆಗಳಿರಲಿಲ್ಲವೆಂದು ಹೇಳುವುದು ಸತ್ಯಕ್ಕೆ ಸಲ್ಲದು. ಯಾವ ಪಾಠವನ್ನು ಯಾವ ಓಲೆಯಿಂದ ತೆಗೆದುಕೊಂಡರೆಂಬುದನ್ನು ಅವರು ಎಲ್ಲ ಕಡೆಗೂ ತಿಳಿಸಲಿಲ್ಲ. ಮುದ್ರಣದಲ್ಲಿ ತಪ್ಪುಗಳು ಉಳಿದವು. ಕೆಲವು ನಿರ್ಣಯಗಳನ್ನು ಮುಂದಿನ ವಿದ್ವಾಂಸರು ತಿದ್ದಬೇಕಾಯಿತು. ಶಾಸ್ತ್ರೀಯ ಸಂಪಾದನೆಯ ದೃಷ್ಟಿಯಿಂದ ಇವು ದೋಷಗಳೇ ಸರಿ. ಆದರೆ ಮನೆಗೆ ಬೆಂಕಿ ಬಿದ್ದಾಗ ಒಳಗಿನ ವಸ್ತುಗಳನ್ನು ಹೊರಗೆ ತರುವವನು ಪಟ್ಟಿ ಬರೆಯುತ್ತ ಕೂಡಲಾರನು. ಹುಳುವಿನ ಬಾಯಿಂದ ಓಲೆಯನ್ನು ಬಿಡಿಸಿ, ಓದುಗನ ಕೈಗೆ ಬೇಗನೆ ಮುಟ್ಟಿಸುವುದು ಅವರ ಪಾಲಿನ ಕರ್ತವ್ಯವಾಗಿದ್ದಿತು. ತಿದ್ದತಕ್ಕವರಿಗೆ ತಿದ್ದಲು ಒಂದು ಪಾಠವು ದೊರೆತುದೂ ಅವರಿಂದಲೇ.

ಲೋಕಸೇವೆ

ಓದುಗನಿಗಾಗಿ ಬರೆದರೆ ಸಾಲದು, ಓದಬಲ್ಲವನನ್ನೂ ಸಿದ್ಧಪಡಿಸಬೇಕೆಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. 1910ರಲ್ಲಿ ವಿಜಾಪುರದಲ್ಲಿ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯು ಅವರ ಮುಂದಾಳುತನದಿಂದ ಸ್ಥಾಪಿತವಾಯಿತು. ಬಿ. ಎಲ್. ಡಿ. ಈ. ಸಂಸ್ಥೆಯೆಂದು ಪ್ರಸಿದ್ಧವಾಗಿರುವ ಅದು ಇಂದು ಅನೇಕ ಶಾಲೆ ಕಾಲೇಜುಗಳ ಮಹಾವೃಕ್ಷವಾಗಿ ಬೆಳೆದಿದೆ. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಆರಂಭವಾದುದೂ ಅವರ ಪ್ರಯತ್ನದ ಫಲವೇ. ಮಳೆಯನ್ನು ನಂಬಿ ಬದುಕುವ, ಬರಗಾಲಕ್ಕೆ ಮೇಲಿಂದ ಮೇಲೆ ತುತ್ತಾಗುತ್ತಿದ್ದ ಆ ಜಿಲ್ಲೆಯಲ್ಲಿ ಸಾಲದ ಬಾಧೆಯಿಂದ ಬಿಡುಗಡೆಯಾಗದ ಮನುಷ್ಯನಿಗೆ ಪುಸ್ತಕವನ್ನು ಹಿಡಿಯಲು ಮನಸ್ಸಾದರೂ ಎಲ್ಲಿಯದು? ಶಾಲೆ, ಬ್ಯಾಂಕು, ಮುದ್ರಣಾಲಯ, ಈ ಮೂರೂ ಅವರಲ್ಲಿ ಒಂದೇ ಕಾರ್ಯದ ಅಂಗಗಳಾಗಿದ್ದವು.

ಮುಂಬಯಿ ವಿಧಾನಪರಿಷತ್ತಿನ ಸದಸ್ಯರಾಗಿಯೂ ಅವರು ಕೆಲಸ ಮಾಡಿದರು. ಸರಕಾರವು ಅವರಿಗೆ ರಾವಬಹದ್ದೂರ ಪದವಿಯನ್ನು ಕೊಟ್ಟಿತು. 1926ರಲ್ಲಿ ಬಳ್ಳಾರಿಯಲ್ಲಿ ಕೂಡಿದ 12ನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯು ಅವರಿಗೆ ದೊರೆಯಿತು. ಒಂದು ಸಮಾಜದ ಭಕ್ತರಿಗಾಗಿ ಮಾಡಿದ ಸೇವೆಯನ್ನು ಕನ್ನಡನಾಡೇ ತನ್ನ ಸೇವೆಯೆಂದು ಒಪ್ಪಿಕೊಂಡುದಕ್ಕೆ ಇದು ಗುರುತಾಗಿದ್ದಿತು. ಹೀಗಾದುದಕ್ಕೆ ಕಾರಣವೂ ಸ್ಪಷ್ಟವಿದೆ. ತನ್ನ ಪಂಕ್ತಿಯವರಿಗೆ ನಿಷ್ಠೆಯಿಂದ ಬಡಿಸಿದ ಊಟದ ಪರಿಮಳವು ಬೀದಿಗೂ ಹರಿಯುವುದು. ಲಿಂಗವಂತ ಗೃಹಸ್ಥನಿಗೆ ತಿಳಿಯಲೆಂದು ಅಣಿಗೊಳಿಸಿದ ವಚನಗಳನ್ನು ಎಲ್ಲ ಮತದ ಕನ್ನಡಿಗರೂ ಓದಿ ತಮ್ಮ ಸಾಹಿತ್ಯದ ಶ್ರೇಷ್ಠ ಸಂಪತ್ತೆಂದು ಎತ್ತಿಕೊಂಡರು.

ಕೊನೆಯ ದಿನಗಳು

1956ನೆಯ ವರ್ಷವು ಅವರ ವೃದ್ಧಾಪ್ಯದಲ್ಲಿ ಎರಡು ಸಂತೋಷಗಳನ್ನು ತಂದಿತು. ಆ ವರ್ಷ ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ಅರ್ಪಿಸಿತು. ಅದೇ ವರ್ಷದ ನವೆಂಬರ್ 1ರಂದು, ಅವರು ತಾರುಣ್ಯದಿಂದಲೂ ಬಯಸಿದ್ದ ಕನ್ನಡನಾಡಿನ ಏಕೀಕರಣವು ಸಿದ್ಧಿಸಿತು. ಬಡತನವು ಮಾತ್ರ ಅವರನ್ನು ಬಿಡಲಿಲ್ಲ. ಅವರೂ ಅದನ್ನು ದೊಡ್ಡದೆಂದು ಎಣಿಸಲಿಲ್ಲ. 1964ನೆಯ ಇಸವಿ ಜೂನ್ 29ರಂದು, 84 ವರ್ಷಗಳು ತುಂಬಲು ಮೂರು ದಿನಗಳಿರುವಾಗ, ಅವರು ವಿಜಾಪುರದಲ್ಲಿ ಲಿಂಗೈಕ್ಯರಾದರು. ಕನ್ನಡಿಗರು ಅವರನ್ನು ವಚನಪಿತಾಮಹರೆಂದು ಕರೆದರು.

ಅವರು ನೆಟ್ಟ ಸಸಿಯು ಮುಂದೆ ಬೆಳೆಯಿತು. 1993ರಲ್ಲಿ ಕರ್ನಾಟಕ ಸರಕಾರವು 15 ಸಂಪುಟಗಳಲ್ಲಿ ಸಮಗ್ರ ವಚನಸಾಹಿತ್ಯವನ್ನು ಪ್ರಕಟಿಸಿ ಸುಲಭ ಬೆಲೆಗೆ ಜನರಿಗೆ ದೊರೆಯುವಂತೆ ಮಾಡಿತು. ಫಕೀರಪ್ಪನವರು ಒಂಟಿಯಾಗಿ ಹೊತ್ತ ಭಾರವನ್ನು ನಾಡೇ ಹೊತ್ತಂತಾಯಿತು.

ಇಂದು ಓಲೆಯ ಕಟ್ಟನ್ನು ಬಿಚ್ಚುವ ಶ್ರಮವು ಯಾರಿಗೂ ಇಲ್ಲ. ಅಚ್ಚಾದ ವಚನಗಳು ಪ್ರತಿ ಮಠದಲ್ಲಿಯೂ ಬಹಳ ಮನೆಗಳಲ್ಲಿಯೂ ಇವೆ. ಆದರೆ ಅಚ್ಚಿನ ಪುಸ್ತಕಕ್ಕೂ ವಿಭೂತಿಯನ್ನು ಹಚ್ಚಿ ಜಗುಲಿಯ ಮೇಲಿಟ್ಟು ಕೈಮುಗಿದರೆ, ಅದು ಮತ್ತೆ ಗಂಟಿನೊಳಗಿನ ಓಲೆಯೇ ಆಗುವುದು. ಫಕೀರಪ್ಪನವರು ಮನೆಯನ್ನು ಮಾರಿದುದು ಪೂಜೆಗೆ ಇನ್ನೊಂದು ವಸ್ತುವನ್ನು ಒದಗಿಸುವುದಕ್ಕಲ್ಲ. ದಿನಕ್ಕೊಂದು ವಚನವನ್ನು ಓದಿ, ಅರ್ಥವನ್ನು ವಿಚಾರಿಸಿ, ಮನೆಯ ಮಕ್ಕಳಿಗೆ ಅವರ ವಯಸ್ಸಿಗೆ ತಕ್ಕಂತೆ ತಿಳಿಸಿ ಹೇಳುವ ಭಕ್ತನೇ ಅವರ ದಾಸೋಹದ ಪಂಕ್ತಿಯಲ್ಲಿ ಕುಳಿತು ಪ್ರಸಾದವನ್ನು ಸ್ವೀಕರಿಸಿದವನು. ಅಂಥ ಭಕ್ತರ ಸಂಖ್ಯೆಯು ಶ್ರೀಮಠದ ಶಿಷ್ಯವರ್ಗದಲ್ಲಿ ದಿನದಿನಕ್ಕೆ ಹೆಚ್ಚಲಿ. ಬಸವಾದಿ ಪ್ರಮಥರ ಕೃಪೆಯು ಅವರ ಮೇಲಿರಲಿ.